“ಬಿಪಿ ನಾರ್ಮಲ್ ಇತ್ತಲ್ಲ ಮೇಡಂ, ಮತ್ತೆ ಹೀಗ್ಯಾಕಾಯ್ತು?”

ಪ್ರಶ್ನೆ: ನಾನು ಫೈನಲ್ ಇಯರ್ ಎಂಬಿಬಿಎಸ್, ಒಂದು ಜಿಲ್ಲಾ ಆಸ್ಪತ್ರೆಯ ಲೇಬರ್ ರೂಮಲ್ಲಿ ಪೋಸ್ಟಿಂಗ್ ಇದೆ. ಹೋದ ವಾರ ನೈಟ್ ಡ್ಯೂಟಿಲಿ ಒಬ್ಬರಿಗೆ ಎರಡನೇ ಹೆರಿಗೆ, ನಾರ್ಮಲ್ ಡೆಲಿವರಿ. ಮಗು ಬಂದ ತಕ್ಷಣ ಸಿಸ್ಟರ್ ಗರ್ಭಕೋಶ ಬಿಗಿಸೋ ಆಕ್ಸಿಟೋಸಿನ್ ಕೊಟ್ರು, ಹತ್ತು ನಿಮಿಷದೊಳಗೆ ಮಾಸೂ ಪೂರ್ತಿ ಬಂತು. ಆಮೇಲೆ ರಕ್ತ ಸಣ್ಣಗೆ ಹೋಗ್ತಾನೇ ಇತ್ತು, ಜೊತೆಗಿದ್ದ ಅಜ್ಜಿ “ಕೆಟ್ಟ ರಕ್ತ, ಹೋಗ್ಲಿ ಬಿಡವ್ವ” ಅಂದ್ರು. ನಾನು ನೋಡಿದಾಗ ಪಲ್ಸ್ 112, ಬಿಪಿ 110/70, ನಾರ್ಮಲ್ ಅಂತ ಕೇಸ್ ಶೀಟಲ್ಲಿ ಬರೆದೆ. ಸ್ವಲ್ಪ ಹೊತ್ತಿಗೆ ಅವರು ನೀರು ಕೇಳೋಕೆ ಶುರು ಮಾಡಿದ್ರು, ಒಂದೇ ಸಮ ಆಕಳಿಕೆ. ಪಿಜಿ (ಸ್ನಾತಕೋತ್ತರ ಓದ್ತಿರೋ ಡಾಕ್ಟರ್) ಬಂದವರೇ ಹೊಟ್ಟೆ ಮೇಲೆ ಕೈ ಇಟ್ಟು ಎಲ್ಲರನ್ನೂ ಕೂಗಿದ್ರು, ಕ್ಯಾಥೆಟರ್ ಹಾಕಿದ್ರು, ಮಸಾಜ್, ಗರ್ಭಕೋಶ ಬಿಗಿಸೋ ಕಾರ್ಬೊಪ್ರೊಸ್ಟ್, ಹೆಪ್ಪು ಕರಗದ ಹಾಗೆ ತಡೆಯೋ ಟ್ರಾನೆಕ್ಸಾಮಿಕ್ ಆ್ಯಸಿಡ್, ಎರಡು ಬಾಟ್ಲಿ ರಕ್ತ. ಈಗ ತಾಯಿ ಮಗು ಇಬ್ರೂ ಚೆನ್ನಾಗಿದಾರೆ. ಆದ್ರೆ ನಂಗೆ ತಲೆಗೆ ಹೋಗ್ತಿಲ್ಲ. ಆಕ್ಸಿಟೋಸಿನ್ ಕೊಟ್ಟಿದ್ರೂ ಯಾಕೆ ಹೀಗಾಯ್ತು? ಎಷ್ಟು ರಕ್ತ ಹೋದ್ರೆ ಜಾಸ್ತಿ ಅಂತ ಬೆಡ್‌ಶೀಟ್ ನೋಡಿ ಹೇಳೋದು ಹೇಗೆ? ಟ್ರೇಲಿ ಗರ್ಭಕೋಶ ಬಿಗಿಸೋ ಇನ್ನೊಂದು ಇಂಜೆಕ್ಷನ್, ಮೆಥರ್ಜಿನ್ ಇತ್ತು, ಅದನ್ನ ನಾನೇ ಕೊಡಬಹುದಿತ್ತಾ? ವೈವಾದಲ್ಲಿ (ಮೌಖಿಕ ಪರೀಕ್ಷೇಲಿ) ಹೆರಿಗೆ ನಂತರದ ಈ ರಕ್ತಸ್ರಾವದ ಡೆಫಿನಿಶನ್ ಕೇಳಿದ್ರೆ ಒಂದೊಂದು ಕಡೆ ಒಂದೊಂದು ಇದೆ, ಯಾವುದು ಹೇಳ್ಲಿ?

ಉತ್ತರ: ನಿಮ್ಮ ಪ್ರಶ್ನೆ ನಾಲ್ಕು ಇದ್ರೂ ಒಳಗಿರೋ ಭಯ ಒಂದೇ, “ಕಣ್ಣೆದುರಿಗೆ ಆಗ್ತಿದ್ರೂ ನಂಗೆ ಕಾಣಲಿಲ್ಲವಲ್ಲ” ಅನ್ನೋದು. ಪಿಪಿಎಚ್, ಅಂದ್ರೆ ಹೆರಿಗೆ ನಂತರದ ಅತಿ ರಕ್ತಸ್ರಾವ, ಟೆಕ್ಸ್ಟ್‌ಬುಕ್ ಫೋಟೋದಲ್ಲಿರೋ ಹಾಗೆ ಯಾವಾಗ್ಲೂ ಧಾರಾಕಾರ ಬರಲ್ಲ. ನೀವು ನೋಡಿದ ಹಾಗೆ ಸಣ್ಣಗೆ, ಬಿಡದೆ, ಯಾರಿಗೂ ಗಾಬರಿ ಆಗದ ಹಾಗೆ ಹೋಗೋದೇ ಹೆಚ್ಚು ಮೋಸ ಮಾಡೋದು. ಧಾರೆ ಬಂದ್ರೆ ಎಲ್ರೂ ಓಡಿ ಬರ್ತಾರೆ, ಜಿನುಗಿದ್ರೆ ಯಾರೂ ಬರಲ್ಲ.

ಮೊದಲು ಬಿಪಿ ವಿಷ್ಯ ಮುಗಿಸೋಣ. ಬಸುರಿಯಲ್ಲಿ ರಕ್ತದ ಪ್ರಮಾಣ 40ರಿಂದ 45 ಪರ್ಸೆಂಟ್ ಜಾಸ್ತಿ ಆಗಿರುತ್ತೆ, ತುಂಬು ತಿಂಗಳಿಗೆ ಹತ್ತಿರತ್ತಿರ ಒಂದೂವರೆ ಲೀಟರ್ ಎಕ್ಸ್‌ಟ್ರಾ. ಜೊತೆಗೆ ವಯಸ್ಸು ಚಿಕ್ಕದು, ರಕ್ತನಾಳಗಳು ಬಿಗಿ ಹಿಡಿದು ಬಿಪಿ ಬೀಳದ ಹಾಗೆ ತುಂಬಾ ಹೊತ್ತು ಕಾಪಾಡ್ತವೆ, ಹಾಗಾಗಿ ಒಂದು ಲೀಟರ್ ಹೋಗಿದ್ರೂ ಬಿಪಿ 110/70 ತೋರಿಸಬಹುದು, ಆಮೇಲೆ ಒಂದೇ ಸಲಕ್ಕೆ ದಬಕ್ಕನೆ ಬೀಳುತ್ತೆ, ಆಗ ನಮ್ಮ ಕೈಲಿ ಟೈಮ್ ಇರಲ್ಲ. ನೀವೇ ಬರೆದ ನಂಬರ್ ತಗೊಳ್ಳಿ. ಪಲ್ಸ್ 112ನ್ನ ಸಿಸ್ಟೊಲಿಕ್, ಅಂದ್ರೆ ಬಿಪಿಯ ಮೇಲಿನ ನಂಬರ್ 110ರಿಂದ ಭಾಗಿಸಿ, 1ಕ್ಕಿಂತ ಮೇಲೆ ಬಂತು. ಇದಕ್ಕೆ ಶಾಕ್ ಇಂಡೆಕ್ಸ್ ಅಂತಾರೆ, ಹೆರಿಗೆ ಆದವರಲ್ಲಿ 0.9 ದಾಟಿದ್ರೇ ನಾವು ಎಚ್ಚೆತ್ಕೊಳ್ಬೇಕು. ಕೇಸ್ ಶೀಟಲ್ಲಿ ಉತ್ತರ ಇತ್ತು, ಆದ್ರೆ ಎರಡೂ ನಂಬರ್‌ನ ಒಟ್ಟಿಗೆ ಓದಬೇಕು ಅಂತ ನಿಮಗೆ ಯಾರೂ ಹೇಳ್ಕೊಟ್ಟಿರಲಿಲ್ಲ. “ಈಗ ತಾನೇ ನೋವು ತಿಂದಿದಾಳೆ, ಅದಕ್ಕೆ ಪಲ್ಸ್ ಜಾಸ್ತಿ” ಅಂತ ಸಮಾಧಾನ ಹೇಳೋರು ಪ್ರತಿ ಲೇಬರ್ ರೂಮಲ್ಲೂ ಒಬ್ರು ಇರ್ತಾರೆ. ಇರಬಹುದು, ಆದ್ರೆ ಅದನ್ನ ಕೊನೆಗೆ ಹೇಳಬೇಕು, ಮೊದಲು ಅಲ್ಲ. ಬಾಯಾರಿಕೆ, ಆಕಳಿಕೆ, ಚಡಪಡಿಕೆ, ಅಂಗೈ ತಣ್ಣಗಾಗೋದು, ಇವು ಮಾನಿಟರ್‌ಗಿಂತ ಮುಂಚೆ ಮಾತಾಡ್ತವೆ. ಹೆರಿಗೆ ಆದವಳು ಮಗುನ ನೋಡೋ ಆಸಕ್ತಿ ಇಲ್ಲದೆ ಸುಮ್ಮನೆ ಕಣ್ಣು ಮುಚ್ತಿದಾಳೆ ಅಂದ್ರೆ ಸುಸ್ತು ಅಂದ್ಕೊಳ್ಳೋ ಮುಂಚೆ ಹೊದಿಕೆ ಎತ್ತಿ ಕೆಳಗೆ ನೋಡಿ.

ಇನ್ನು ಅಜ್ಜಿ ಮಾತು. “ಕೆಟ್ಟ ರಕ್ತ” ಅನ್ನೋದರಲ್ಲಿ ಅರ್ಧ ಸತ್ಯ ಇದೆ ಅದಕ್ಕೇ ಅದು ಇಷ್ಟು ಗಟ್ಟಿಯಾಗಿ ಉಳಿದಿರೋದು. ಹೆರಿಗೆ ಆದ್ಮೇಲೆ ಗರ್ಭಕೋಶದ ಒಳಪದರ ಕಳಚಿ ಬರೋ ಸ್ರಾವ, ಲೋಕಿಯಾ, ಮೊದಲ ಮೂರ್ನಾಲ್ಕು ದಿನ ಕೆಂಪಗೆ, ಆಮೇಲೆ ತೆಳು ಕಂದು, ಆಮೇಲೆ ಬಿಳಿಚಾಗಿ ಹೋಗುತ್ತೆ, ಅದು ಹೋಗಲೇಬೇಕು. ಆದ್ರೆ ಹೆರಿಗೆ ಆದ ಮೊದಲ ಗಂಟೇಲಿ ಹೋಗೋ ಕೆಂಪು ರಕ್ತ ಮೈಯಲ್ಲಿ ಓಡಾಡ್ತಿದ್ದ ಒಳ್ಳೇ ರಕ್ತವೇ, ಬೆರಳಿಂದ ಟೆಸ್ಟಿಗೆ ತೆಗೆಯೋ ಅದೇ ರಕ್ತ. ಅಜ್ಜಿ ಜೊತೆ ವಾದಕ್ಕೆ ಇಳೀಬೇಡಿ, “ಸ್ವಲ್ಪ ಹೋಗುತ್ತೆ ಅಜ್ಜಿ, ಆದ್ರೆ ಇಷ್ಟು ಹೋಗಬಾರದು” ಅಂದ್ರೆ ಸಾಕು, ಅವರಿಗೆ ಅರ್ಥ ಆಗುತ್ತೆ, ಅವರ ಕಾಲದಲ್ಲಿ ಬಾಣಂತಿ ಸತ್ತಿದ್ದನ್ನ ಅವರೂ ನೋಡಿರ್ತಾರೆ. ನಂಗೆ ಬೇಜಾರಾಗೋದು ಅದೇ ಮಾತನ್ನ ಬಿಳಿ ಕೋಟ್ ಹಾಕಿದವರು ಬೇರೆ ಭಾಷೇಲಿ ಹೇಳಿದಾಗ, “ಡೆಲಿವರಿ ಆದ್ಮೇಲೆ ಇಷ್ಟೆಲ್ಲ ಕಾಮನ್” ಅಂತ.

ಆಕ್ಸಿಟೋಸಿನ್ ಕೊಟ್ಟಿದ್ರೂ ಯಾಕೆ ಅನ್ನೋದಕ್ಕೆ ಗರ್ಭಕೋಶ ರಕ್ತ ನಿಲ್ಲಿಸೋ ರೀತಿ ಗೊತ್ತಿರಬೇಕು. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮೇಲೆ ರಕ್ತ ಹರೀತಿರುತ್ತೆ. ಮಾಸು ಕಿತ್ತು ಬಂದ ಜಾಗದಲ್ಲಿ ಆ ರಕ್ತನಾಳಗಳ ಬಾಯಿ ಎಲ್ಲ ತೆರೆದೇ ಇರ್ತವೆ. ಬೇರೆ ಕಡೆ ಗಾಯ ಆದ್ರೆ ಮೊದಲು ಹೆಪ್ಪುಗಟ್ಟಿ ನಿಲ್ಲುತ್ತೆ, ಇಲ್ಲಿ ಹಾಗಲ್ಲ, ಅಡ್ಡಾದಿಡ್ಡಿ ಹೆಣೆದುಕೊಂಡಿರೋ ಸ್ನಾಯು ಎಳೆಗಳು ಬಿಗಿದು ಆ ನಾಳಗಳನ್ನ ಹಿಸುಕಿ ಮುಚ್ಚಬೇಕು, ಹೆಪ್ಪುಗಟ್ಟೋದು ಆಮೇಲಿನ ಕೆಲ್ಸ. ಲಿವಿಂಗ್ ಲಿಗೇಚರ್ ಅಂತ ಪುಸ್ತಕದಲ್ಲಿ ಓದಿರ್ತೀರಲ್ಲ, ಅದು ಇದೇ. ಸ್ನಾಯು ಬಿಗೀಲಿಲ್ಲ ಅಂದ್ರೆ ಅದು ಎಟೊನಿ, ಪಿಪಿಎಚ್‌ಗೆ ಎಲ್ಲಕ್ಕಿಂತ ಕಾಮನ್ ಕಾರಣ.

ಬಿಗಿಯದಿರೋಕೆ ಕಾರಣ ಹಲವು. ಅವಳಿ ಮಗು, ನೀರು ಜಾಸ್ತಿ, ದೊಡ್ಡ ಮಗು, ಇವೆಲ್ಲ ಗೊತ್ತೇ ಇದೆ. ಸ್ಟೂಡೆಂಟ್‌ಗಳು ಮರೆಯೋದು ಎರಡು. ಒಂದು, ಗಂಟೆಗಟ್ಟಲೆ ಆಕ್ಸಿಟೋಸಿನ್ ಡ್ರಿಪ್ ಹಾಕಿ ನೋವು ಬರಿಸಿದವರಲ್ಲಿ ಸ್ನಾಯುವಿನ ರಿಸೆಪ್ಟರ್‌ಗಳು ಆ ಔಷಧಿಗೆ ಮೊದಲಿನ ಹಾಗೆ ಸ್ಪಂದಿಸಲ್ಲ, ಅಂಥವರಿಗೆ ಕೊನೆಗೆ ಮತ್ತೆ 10 ಯೂನಿಟ್ ಕೊಟ್ರೆ ಸಾಕಾಗದೇ ಇರಬಹುದು. ಎರಡನೇದು ನಿಮ್ಮ ಕೇಸಲ್ಲೇ ಇದೆ ಅನ್ಸುತ್ತೆ, ತುಂಬಿದ ಮೂತ್ರಕೋಶ. ಪಿಜಿ ಕ್ಯಾಥೆಟರ್ ಹಾಕಿದ್ರು ಅಂದ್ರಲ್ಲ, ಎಷ್ಟು ಮೂತ್ರ ಬಂತು ಅಂತ ಶೀಟಲ್ಲಿ ನೋಡಿ. ಮೂತ್ರಕೋಶ ತುಂಬಿದ್ರೆ ಗರ್ಭಕೋಶ ಮೇಲಕ್ಕೆ, ಸಾಮಾನ್ಯವಾಗಿ ಬಲಗಡೆಗೆ ಸರಿದು, ಸರಿಯಾಗಿ ಬಿಗಿಯೋಕೇ ಆಗಲ್ಲ. ಹೆರಿಗೆ ಆದವಳಿಗೆ ಮೂತ್ರಕೋಶ ತುಂಬಿದೆ ಅಂತ ಎಷ್ಟೋ ಸಲ ಗೊತ್ತೂ ಆಗಲ್ಲ. ಇನ್ನೊಂದು, ಆಕ್ಸಿಟೋಸಿನ್‌ನ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಕರೆಂಟ್ ಹೋಗಿ ಬರೋ ಕಡೆ ಬೇಸಿಗೇಲಿ ಟ್ರೇ ಮೇಲೇ ದಿನಗಟ್ಟಲೆ ಇಟ್ಟ ಆಂಪೂಲ್‌ನ ಶಕ್ತಿ ಎಷ್ಟು ಉಳಿದಿರುತ್ತೋ ನೋಡೋಕೆ ಆಗಲ್ಲ. ಆಕ್ಸಿಟೋಸಿನ್ ಥರದ್ದೇ ಆದ, ಬಿಸಿ ತಡೆಯೋ ಕಾರ್ಬೆಟೋಸಿನ್ 100 ಮೈಕ್ರೊಗ್ರಾಂ ಬಂದಿರೋದು ಇದೇ ತೊಂದರೆಗೆ, ಆದ್ರೆ ಅದು ಪಿಪಿಎಚ್ ಬಾರದಿರಲಿ ಅಂತ ಕೊಡೋದು, ಬಂದ ಮೇಲಿನ ಟ್ರೀಟ್‌ಮೆಂಟಿಗೆ ಅಲ್ಲ.

ಅಂದಹಾಗೆ “ಹೈ ರಿಸ್ಕ್ ಅಲ್ಲ, ಎರಡನೇ ಹೆರಿಗೆ, ಏನಾಗುತ್ತೆ” ಅನ್ನೋದೂ ಒಂದು ಮೂಢನಂಬಿಕೆನೇ. ಪಿಪಿಎಚ್ ಆಗೋರಲ್ಲಿ ಹೆಚ್ಚಿನವರಿಗೆ ಮುಂಚೆ ಯಾವ ರಿಸ್ಕ್ ಫ್ಯಾಕ್ಟರೂ ಇರಲ್ಲ. ಹಾಗಾಗಿ ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ಪಲ್ಸ್, ಬಿಪಿ, ಗರ್ಭಕೋಶ, ರಕ್ತ ನೋಡೋದು ಎಲ್ಲರಿಗೂ.

ಈ ಗರ್ಭಕೋಶ ನೋಡೋದು ಅಂದ್ರೆ ಕೈ ಇಟ್ಟೇ ನೋಡಬೇಕು. ಎಡಗೈ ಅಂಗೈ ಅಂಚನ್ನ ಹೊಕ್ಕುಳ ಹತ್ರ ಇಟ್ಟು ಕೆಳಮುಖವಾಗಿ ಒತ್ತಿ. ಬಿಗಿದ ಗರ್ಭಕೋಶ ಹೊಕ್ಕುಳ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಕ್ರಿಕೆಟ್ ಬಾಲ್ ಥರ ಗಟ್ಟಿ ಸಿಗುತ್ತೆ, ಅದರ ಅಂಚು ಎಲ್ಲಿ ಅಂತ ಬೆರಳಿಗೇ ಗೊತ್ತಾಗುತ್ತೆ. ಎಟೊನಿಲಿ ಅಂಚೇ ಸಿಗಲ್ಲ, ಎಲ್ಲಿ ಗರ್ಭಕೋಶ ಎಲ್ಲಿ ಹೊಟ್ಟೆ ಅಂತ ಹುಡುಕ್ತಾ ಇರ್ತೀರಿ, ಆ ಹುಡುಕಾಟವೇ ಡಯಾಗ್ನಾಸಿಸ್. ಉಜ್ಜಿದಾಗ ಗಟ್ಟಿಯಾಗಿ, ಕೈ ತೆಗೆದ ಎರಡು ನಿಮಿಷಕ್ಕೆ ಮತ್ತೆ ಮೆತ್ತಗಾದ್ರೆ ಅದೂ ಎಟೊನಿನೇ, “ಈಗ ಸರಿ ಹೋಯ್ತು” ಅಂತ ಬಿಟ್ಟು ಚಾ ಕುಡಿಯೋಕೆ ಹೋಗಬೇಡಿ. ಗರ್ಭಕೋಶ ಗಟ್ಟಿ ಇದೆ ಆದ್ರೂ ಕೆಂಪು ರಕ್ತ ಬರ್ತಾನೇ ಇದೆ ಅಂದ್ರೆ ಎಲ್ಲೋ ಹರಿದಿದೆ, ಒಳ್ಳೇ ಲೈಟ್ ತರಿಸಿ, ಗರ್ಭಕಂಠದ ಸುತ್ತ, ಅದರಲ್ಲೂ ಗಡಿಯಾರದ 3 ಗಂಟೆ 9 ಗಂಟೆ ಇರೋ ಜಾಗ ನೋಡಬೇಕು. ಹೊರಗೆ ರಕ್ತವೇ ಇಲ್ಲ, ಪಲ್ಸ್ ಏರ್ತಿದೆ, ಅವಳು ಕೆಳಗೆ ಒತ್ತಿದ ಹಾಗಾಗುತ್ತೆ ತಡೆಯೋಕಾಗ್ತಿಲ್ಲ ಅಂತಿದಾಳೆ, ಆಗ ಹೆಮಟೋಮ, ಅಂದ್ರೆ ಒಳಗೇ ರಕ್ತ ತುಂಬಿ ಗಡ್ಡೆ ಕಟ್ಟಿರೋದು ನೆನಪಿರಲಿ, ಹೊಲಿಗೆ ನೋವು ಅಂತ ಪೇನ್‌ಕಿಲ್ಲರ್ ಕೊಟ್ಟು ಮಲಗಿಸಿಬಿಡ್ತಾರೆ. ಮಾಸಿನ ಚೂರು ಒಳಗೆ ಉಳಿದಿರೋದು ಇನ್ನೊಂದು, “ಪೂರ್ತಿ ಬಂತು” ಅಂತ ಯಾರೋ ಹೇಳಿದ್ದನ್ನ ನಂಬದೆ ಟ್ರೇಲಿ ಹರಡಿ ನೀವೇ ನೋಡಿ. ರಕ್ತ ಹೆಪ್ಪುಗಟ್ಟದೇ ಇರೋದು ಕೊನೇದು. ಅದಕ್ಕೆ ಲ್ಯಾಬ್ ರಿಪೋರ್ಟಿಗೆ ಕಾಯ್ಬೇಕಿಲ್ಲ, ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ ಮುಷ್ಟೀಲಿ ಹಿಡ್ಕೊಂಡು 4 ನಿಮಿಷ ಆದ್ಮೇಲೆ ಸ್ವಲ್ಪ ಸ್ವಲ್ಪ ವಾಲಿಸಿ ನೋಡಿ, 7 ನಿಮಿಷ ಆದ್ರೂ ಹೆಪ್ಪಾಗಿಲ್ಲ ಅಥವಾ ಆದದ್ದು ಸುಲಭವಾಗಿ ಒಡೆದೋಯ್ತು ಅಂದ್ರೆ ತೊಂದರೆ ಅಲ್ಲಿದೆ. ಇಂಟರ್ನ್‌ಗಳಿಗೆ ಈ ಕೆಲ್ಸ ಕೊಟ್ರೆ ಗಾಬರಿಲಿ ನಡುವೆ ಅಡ್ಡ ಬರೋದೂ ತಪ್ಪುತ್ತೆ!

ಈಗ ಬೆಡ್‌ಶೀಟ್ ಲೆಕ್ಕ. ಕಣ್ಣಳತೆ ನಂಬಬೇಡಿ, ನಂದನ್ನೂ ನಂಬಬೇಡಿ. ರಕ್ತ ಡ್ರಾ ಶೀಟಲ್ಲಿ ಅರ್ಧ, ಗಾಸಲ್ಲಿ ಸ್ವಲ್ಪ, ಬೆನ್ನ ಕೆಳಗೆ ಮೆಕಿನ್‌ಟಾಷ್ (ರಬ್ಬರ್ ಶೀಟ್) ಮೇಲೆ ಸ್ವಲ್ಪ, ಬಕೆಟಲ್ಲಿ ಗರ್ಭದ ನೀರಿನ ಜೊತೆ ಸೇರಿ ಸ್ವಲ್ಪ, ಯಾರಿಗೆ ಲೆಕ್ಕ ಸಿಗುತ್ತೆ? ಎಷ್ಟೇ ಅನುಭವ ಇದ್ರೂ ಜಾಸ್ತಿ ಹೋದಾಗ ಕಡಿಮೆ ಅಂತಲೇ ಅಂದಾಜು ಮಾಡ್ತೀವಿ. ಇದು ತೋರಿಸಿಕೊಟ್ಟಿದ್ದರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಕೆಲ್ಸಕ್ಕೆ ದೊಡ್ಡ ಪಾಲಿದೆ. ಅಲ್ಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸೋ ಎಎನ್‌ಎಂ ಸಿಸ್ಟರ್‌ಗಳು 1,620 ಹೆರಿಗೆಗಳಲ್ಲಿ ಮಾಡಿದ ಟ್ರಯಲ್ 2006ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು, ಗರ್ಭಕೋಶ ಬಿಗಿಸೋ ಮಾತ್ರೆ ಮಿಸೊಪ್ರೊಸ್ಟಾಲ್ 600 ಮೈಕ್ರೊಗ್ರಾಂ ಬಾಯಿಗೆ ಕೊಟ್ಟಾಗ ಪಿಪಿಎಚ್ 12 ಪರ್ಸೆಂಟಿನಿಂದ 6.4ಕ್ಕೆ ಇಳೀತು. ರಕ್ತ ಅಳೆಯೋಕೆ ಅಂತ ಸೊಂಟದ ಕೆಳಗೆ ಹಾಸೋ, ತುದೀಲಿ ಎಂಎಲ್ ಗೆರೆ ಇರೋ ಪ್ಲಾಸ್ಟಿಕ್ ಡ್ರೇಪ್ ಆ ಕೆಲ್ಸದಲ್ಲೇ ರೂಪುಗೊಂಡಿದ್ದು. ಮುಂದೆ ಇಂಥದೇ ಡ್ರೇಪ್ ಇಟ್ಕೊಂಡು ಕೀನ್ಯಾ, ನೈಜೀರಿಯಾ, ಸೌತ್ ಆಫ್ರಿಕಾ, ತಾಂಜಾನಿಯಾದ 80 ಆಸ್ಪತ್ರೆಗಳಲ್ಲಿ ಇ-ಮೋಟಿವ್ ಅಂತ ಟ್ರಯಲ್ ಮಾಡಿದ್ರು, 2023ರಲ್ಲಿ ಬಂತು. ಡ್ರೇಪಿಂದ ಅಳೆದು, ಮಸಾಜ್, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್, ಡ್ರಿಪ್, ಪರೀಕ್ಷೆ, ಇವನ್ನ ಒಂದಾದ ಮೇಲೊಂದು ಕಾದು ನೋಡದೆ ಒಟ್ಟಿಗೇ ಶುರು ಮಾಡಿದ ಕಡೆ ತೀವ್ರ ರಕ್ತಸ್ರಾವದಂಥ ಅನಾಹುತ 60 ಪರ್ಸೆಂಟ್ ಕಡಿಮೆ. ಹೊಸ ಔಷಧಿ ಒಂದೂ ಇರಲಿಲ್ಲ ಅದರಲ್ಲಿ, ಗಮನಿಸಿ. ಮಾಮೂಲಿ ರೀತಿ ನಡೆದ ಆಸ್ಪತ್ರೆಗಳಲ್ಲಿ ಆದ ಪಿಪಿಎಚ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಕಣ್ಣಿಗೆ ಬಿದ್ದಿದ್ವು, ಡ್ರೇಪ್ ಇದ್ದ ಕಡೆ 93 ಪರ್ಸೆಂಟ್.

ನಿಮ್ಮಲ್ಲಿ ಡ್ರೇಪ್ ಇಲ್ಲದಿದ್ರೆ ತೂಕ ಮಾಡಿ. ಒದ್ದೆ ಪ್ಯಾಡ್, ಗಾಸ್, ಶೀಟ್ ಎಲ್ಲ ತೂಗಿ ಒಣ ತೂಕ ಕಳೀರಿ, ಒಂದು ಗ್ರಾಂ ಅಂದ್ರೆ ಹತ್ತಿರತ್ತಿರ ಒಂದು ಎಂಎಲ್. ಮಗು ತೂಗೋ ಸ್ಕೇಲ್ ಎಲ್ಲ ಲೇಬರ್ ರೂಮಲ್ಲೂ ಇರುತ್ತೆ, ಕವರ್ ಹಾಸಿ ತೂಗಿ, ಆಮೇಲೆ ಒರೆಸಿಡಿ. ಡ್ರೇಪ್ ಇದ್ರೆ ಮಗು ಬಂದು ನೀರೆಲ್ಲ ಹೋದ ಮೇಲೆ ಹಾಕಿ, ಇಲ್ಲಾಂದ್ರೆ ನೀರೂ ಲೆಕ್ಕಕ್ಕೆ ಸೇರುತ್ತೆ.

ಮೆಥರ್ಜಿನ್ ಪ್ರಶ್ನೆಗೆ ನೇರವಾಗಿ ಹೇಳ್ಬೇಕಂದ್ರೆ, ನೀವೊಬ್ರೇ ನಿರ್ಧಾರ ಮಾಡಿ ಕೊಡಬಾರದಿತ್ತು, ಕೊಡದೇ ಇದ್ದದ್ದು ಸರಿ. ಔಷಧಿ ಕೆಟ್ಟದ್ದಲ್ಲ, 0.2 ಮಿಗ್ರಾಂ ಮಾಂಸಖಂಡಕ್ಕೆ ಕೊಟ್ರೆ ಗರ್ಭಕೋಶ ಚೆನ್ನಾಗಿ ಬಿಗಿಯುತ್ತೆ. ಆದ್ರೆ ಅದು ಮೈಯ ರಕ್ತನಾಳಗಳನ್ನೂ ಬಿಗಿಯುತ್ತೆ, ಬಿಪಿ ಜಾಸ್ತಿ ಇರೋರಿಗೆ, ಪ್ರೀಎಕ್ಲಾಂಪ್ಸಿಯಾದವರಿಗೆ (ಬಸುರಿಯಲ್ಲಿ ಬಿಪಿ ಏರೋ ಕಾಯಿಲೆ), ಹೃದ್ರೋಗ ಇರೋರಿಗೆ ಕೊಟ್ರೆ ಸ್ಟ್ರೋಕ್‌ವರೆಗೂ ಹೋಗಬಹುದು. ಇಲ್ಲೊಂದು ಬಲೆ ಇದೆ, ಪ್ರೀಎಕ್ಲಾಂಪ್ಸಿಯಾದವಳಿಗೆ ರಕ್ತ ಹೋಗಿ ಬಿಪಿ 120/80ಕ್ಕೆ ಇಳಿದಿರುತ್ತೆ, ಈಗಿನ ಬಿಪಿ ನೋಡಿ ನಾರ್ಮಲ್ ಅಂತ ಮೆಥರ್ಜಿನ್ ಹಾಕಿಬಿಡ್ತಾರೆ. ತಾಯಿ ಕಾರ್ಡಲ್ಲಿರೋ ಹಳೇ ಬಿಪಿ ನೋಡಬೇಕು. ಮಾಸು ಬರೋ ಮುಂಚೆ ಕೊಟ್ರೆ ಅದು ಒಳಗೇ ಸಿಕ್ಕಿಹಾಕ್ಕೊಳ್ಳೋ ಭಯ ಬೇರೆ.

ಕಾರ್ಬೊಪ್ರೊಸ್ಟ್ 250 ಮೈಕ್ರೊಗ್ರಾಂ, 15 ನಿಮಿಷಕ್ಕೊಮ್ಮೆ ರಿಪೀಟ್ ಮಾಡಬಹುದು, ಒಟ್ಟು 8 ಡೋಸ್ ಮೀರಬಾರದು, ರಕ್ತನಾಳಕ್ಕಂತೂ ಯಾವತ್ತೂ ಕೊಡಬಾರದು. ಶ್ವಾಸನಾಳ ಬಿಗಿಯೋದ್ರಿಂದ ಆಸ್ತಮಾ ಇರೋರಿಗೆ ಬೇಡ. “ಆಸ್ತಮಾ ಇದೆಯಾ” ಅನ್ನೋ ಒಂದು ಪ್ರಶ್ನೆನ ಎಲ್ಲರಿಗೂ ಅಡ್ಮಿಷನ್ ಟೈಮಲ್ಲೇ ಕೇಳಿಟ್ಕೊಳ್ಳಿ, ಗಲಾಟೇಲಿ ಕೇಳಿದ್ರೆ ಯಾರೂ ಉತ್ತರ ಕೊಡಲ್ಲ. ಭೇದಿ, ವಾಂತಿ, ಜ್ವರ ಬರುತ್ತೆ, ಮನೆಯವರಿಗೆ ಮುಂಚೆ ಹೇಳಿಡಿ. ಮಿಸೊಪ್ರೊಸ್ಟಾಲ್ 800 ಮೈಕ್ರೊಗ್ರಾಂ ನಾಲಿಗೆ ಕೆಳಗೆ, ಫ್ರಿಜ್ ಬೇಡ, ಸೂಜಿ ಬೇಡ, ಆದ್ರೆ ನಿಧಾನ, ಚಳಿ ನಡುಕ ಬರಿಸುತ್ತೆ. ಆಕ್ಸಿಟೋಸಿನ್ ಸೇಫ್ ಅಂತ ಸಿರಿಂಜಲ್ಲಿ ಒಂದೇ ಸಲಕ್ಕೆ ನಾಳಕ್ಕೆ ತಳ್ಳಿದ್ರೆ ಬಿಪಿ ಬೀಳುತ್ತೆ, ಡ್ರಿಪ್ಪಲ್ಲಿ ಕೊಡಿ. ಟ್ರಾನೆಕ್ಸಾಮಿಕ್ ಆ್ಯಸಿಡ್ 1 ಗ್ರಾಂ, 10 ನಿಮಿಷ ಹಿಡಿಯೋ ಹಾಗೆ ನಿಧಾನಕ್ಕೆ, ಹೆರಿಗೆ ಆದ 3 ಗಂಟೆಯೊಳಗೆ. 20,000ಕ್ಕೂ ಹೆಚ್ಚು ಹೆಂಗಸರ ಮೇಲೆ ಮಾಡಿದ ವುಮನ್ ಟ್ರಯಲ್ 2017ರಲ್ಲಿ ಬಂದಾಗಿನಿಂದ ನಾವು ಇದನ್ನ ಕೊನೇ ಅಸ್ತ್ರ ಅಂತ ಇಟ್ಕೊಳ್ಳೋದು ಬಿಟ್ವಿ, ಯಾಕಂದ್ರೆ ತಡ ಆದಷ್ಟೂ ಪ್ರಯೋಜನ ಕರಗುತ್ತೆ, 3 ಗಂಟೆ ದಾಟಿದ್ರೆ ಇಲ್ಲವೇ ಇಲ್ಲ.

ಇದಕ್ಕೂ ನಿಲ್ಲದಿದ್ರೆ ಎರಡು ಕೈಯಲ್ಲಿ ಗರ್ಭಕೋಶ ಒತ್ತಿ ಹಿಡಿಯೋದು, ಬಲೂನ್ ಟಾಂಪೊನಾಡ್ (ಒಳಗೆ ಬಲೂನ್ ಉಬ್ಬಿಸಿ ಒತ್ತೋದು), ಗರ್ಭಕೋಶವನ್ನ ಬಿಗಿದು ಹಿಡಿಯೋ ಬಿ-ಲಿಂಚ್ ಹೊಲಿಗೆ, ರಕ್ತನಾಳ ಕಟ್ಟೋದು, ಕೊನೆಗೆ ಗರ್ಭಕೋಶ ತೆಗೆಯೋದು. ಕಾಂಡೋಮ್‌ನ ಕ್ಯಾಥೆಟರಿಗೆ ಕಟ್ಟಿ ಸಲೈನ್ ತುಂಬಿ ಬಲೂನ್ ಮಾಡೋ ಉಪಾಯ ಬಾಂಗ್ಲಾದೇಶದ ಡಾಕ್ಟರ್ ಸಾಯೆಬಾ ಅಖ್ತರ್ ಅವರದ್ದು, ತಾಲೂಕು ಆಸ್ಪತ್ರೇಲೂ ಮಾಡಬಹುದು. ಅದರ ಅಪಾಯ ಅಂದ್ರೆ ಹಾಕಿದ್ವಲ್ಲ ಅಂತ ನಿಶ್ಚಿಂತೆ ಆಗಿಬಿಡೋದು, ಒಳಗೆ ಹರಿದಿದ್ರೆ ಅಥವಾ ಮಾಸಿನ ಚೂರಿದ್ರೆ ಬಲೂನ್ ಏನೂ ಮಾಡಲ್ಲ. ಇವು ನಿಮ್ಮ ಹಂತದ ಕೆಲ್ಸ ಅಲ್ಲ, ಯಾವಾಗ ಯಾವುದು ಅಂತ ಗೊತ್ತಿದ್ರೆ ಸಾಕು.

ಹಾಗಾದ್ರೆ ನಿಮ್ಮ ಹಂತದ್ದು ಯಾವುದು? ಕೂಗೋದು. ನಾಚಿಕೆ ಬಿಟ್ಟು, ಸುಳ್ಳು ಅಲಾರಾಂ ಆದ್ರೂ ಪರವಾಗಿಲ್ಲ ಅಂತ ಕೂಗೋದು. ಬಯ್ದರೆ ಬಯ್ಯಲಿ, ಸುಮ್ಮಸುಮ್ಮನೆ ಕರೆದಿದ್ದಕ್ಕೆ ಬಯ್ಯೋ ಸೀನಿಯರ್ ತಪ್ಪು ಸೀನಿಯರ್. ಕೂಗಿ, ಒಂದು ಕೈ ಹೊಟ್ಟೆ ಮೇಲಿಟ್ಟು ಮಸಾಜ್ ಶುರು ಮಾಡಿ. ಟೈಮ್ ಬರೀರಿ. ಕೈಲಿರೋ ವೆನ್‌ಫ್ಲಾನ್ (ಡ್ರಿಪ್ ಸೂಜಿ) ಬಣ್ಣ ನೋಡಿ, ಪಿಂಕ್ ಇದ್ರೆ ಅದು 20 ಗೇಜ್, ಅದರಲ್ಲಿ ರಕ್ತ ಬೇಗ ಓಡಲ್ಲ, ಗ್ರೇ ಅಥವಾ ಹಸಿರು ಎರಡು ಹಾಕಿಸಿ, ಹಾಕುವಾಗಲೇ ಗ್ರೂಪಿಂಗ್, ಕ್ರಾಸ್‌ಮ್ಯಾಚ್‌ಗೆ ರಕ್ತ ಎಳೆದಿಡಿ. ಮಾಸು ಇನ್ನೂ ಬಂದಿಲ್ಲ ಅಂದ್ರೆ ಹೊಕ್ಕುಳಬಳ್ಳಿ ಜಗ್ಗೋಕೆ ಮಾತ್ರ ಹೋಗಬೇಡಿ. ಗರ್ಭಕೋಶ ಬಿಗಿಯದೇ ಇದ್ದಾಗ, ಮೇಲಿಂದ ಇನ್ನೊಂದು ಕೈ ತಡೆ ಕೊಡದೆ ಎಳೆದ್ರೆ ಗರ್ಭಕೋಶವೇ ಒಳಹೊರಗಾಗಿ ಬಂದುಬಿಡುತ್ತೆ.

ಇನ್ನು ಡೆಫಿನಿಶನ್. ನಾರ್ಮಲ್ ಡೆಲಿವರಿಲಿ 500 ಎಂಎಲ್, ಸಿಸೇರಿಯನ್‌ನಲ್ಲಿ 1,000, 24 ಗಂಟೆಯೊಳಗೆ ಆದ್ರೆ ಪ್ರೈಮರಿ, ಅದನ್ನ ಮೊದಲು ಹೇಳಿ, ಎಕ್ಸಾಮಿನರ್ ಕಾಯ್ತಿರೋದು ಅದಕ್ಕೇ. ಅಮೆರಿಕದ ಸ್ತ್ರೀರೋಗ, ಹೆರಿಗೆ ತಜ್ಞರ ಸಂಸ್ಥೆ ಎಸಿಒಜಿ 2017ರಲ್ಲಿ ಹೆರಿಗೆ ಹೇಗೇ ಆಗಲಿ 1,000 ಎಂಎಲ್, ಅಥವಾ ಎಷ್ಟೇ ಹೋಗಿದ್ರೂ ಶಾಕ್ ಲಕ್ಷಣ ಇದ್ರೆ ಪಿಪಿಎಚ್ ಅಂತು. ಆಮೇಲೆ 2025ರ ಅಕ್ಟೋಬರಲ್ಲಿ ಡಬ್ಲ್ಯುಎಚ್‌ಒ ಹೊಸ ಗೈಡ್‌ಲೈನ್ ತಂದಿದೆ. ನಾರ್ಮಲ್ ಡೆಲಿವರಿಲಿ ಅಳೆದ ರಕ್ತ 300 ಎಂಎಲ್ ಆಗಿ ಪಲ್ಸ್, ಬಿಪಿಲಿ ಏರುಪೇರು ಕಂಡ್ರೆ ಆಗ್ಲೇ ಟ್ರೀಟ್‌ಮೆಂಟ್ ಶುರು, ಏರುಪೇರು ಇಲ್ಲದಿದ್ರೂ 500ಕ್ಕೆ ಶುರು. ಯಾಕೆ 300 ಅಂತ ಕೇಳಿದ್ರೆ ನಮ್ಮ ದೇಶದ ಹಿಮೋಗ್ಲೋಬಿನ್ ಹೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಬಸುರಿಯರಲ್ಲಿ 52 ಪರ್ಸೆಂಟ್ ಜನಕ್ಕೆ ರಕ್ತಹೀನತೆ. 12 ಗ್ರಾಂ ಇರೋಳು 500 ಎಂಎಲ್ ಕಳ್ಕೊಂಡು ಎದ್ದು ಕೂತು ಮಗುಗೆ ಹಾಲು ಕುಡಿಸ್ತಾಳೆ, 7 ಗ್ರಾಂ ಇರೋಳು ಅಷ್ಟಕ್ಕೇ ಕುಸೀತಾಳೆ. ನಿಮ್ಮ ಪೇಷಂಟಿನ ಹೆರಿಗೆ ಮುಂಚಿನ ಎಚ್‌ಬಿ ಎಷ್ಟಿತ್ತು ಅಂತ ನೀವು ಬರೆದಿಲ್ಲ, ಡಿಸ್ಚಾರ್ಜ್ ಆಗೋ ಮುಂಚೆ ತಾಯಿ ಕಾರ್ಡ್ ತೆಗೆದು ನೋಡಿ, ಈಗಿಂದೂ ಮಾಡಿಸಿ, ಕಡಿಮೆ ಇದ್ರೆ ಬರೀ ಮಾತ್ರೆ ಬರೆದು ಕಳಿಸದೆ ಐರನ್ ಇಂಜೆಕ್ಷನ್ ಬೇಕಾ ಅಂತ ನಿಮ್ಮ ಯೂನಿಟ್ ಚೀಫ್‌ನ ಕೇಳಿ. ಹಾಗೇ ಆ ಅಜ್ಜಿಗೆ ಹೇಳಿ ಕಳಿಸಿ, ಮನೇಲಿ ಬಾಣಂತನದಲ್ಲಿ ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ದರೆ, ದೊಡ್ಡ ಗಡ್ಡೆ ಹೋದ್ರೆ, ವಾಸನೆ ಅಥವಾ ಜ್ವರ ಬಂದ್ರೆ ಕಷಾಯ ಕುಡಿಸ್ತಾ ಕೂರದೆ 108ಕ್ಕೆ ಫೋನ್ ಮಾಡಿ ಅಂತ.